ಗೋರೆಮೆ: ಬಂಡೆಯೊಳಗಿನ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಕಿಯ ಕಪಡೋಕಿಯಾ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬಲೂನು. ಮೊಬೈಲ್‌ಗೆ ಬರುವ ಫೋಟೊಗಳೆಲ್ಲ ಅವೇ. ಆದರೆ ಆ ಬಲೂನುಗಳ ಕೆಳಗೆ ಒಂದು ಊರಿದೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಅಲ್ಲಿ ಕಲ್ಲಿನೊಳಗೇ ಅಡುಗೆ ಮಾಡಿದ್ದಾರೆ, ದನ ಕಟ್ಟಿದ್ದಾರೆ, ದ್ರಾಕ್ಷಿ ತುಳಿದಿದ್ದಾರೆ, ದೇವರ ಚಿತ್ರ ಬರೆದಿದ್ದಾರೆ. ಹೋಗಿ ಬಂದವರು ಹೆಚ್ಚಿನವರು ಆ ಊರನ್ನು ಮೇಲಿನಿಂದ ನೋಡಿ ಬರುತ್ತಾರೆ. ಒಳಗೆ ಹೋಗಿ ನೋಡಬೇಕೆನ್ನುವವರಿಗೆ ಈ ಪುಟ. ಬಲೂನಿನ ಪ್ರಶ್ನೆಗೂ ಉತ್ತರ ಇದೆ, ಸ್ವಲ್ಪ ಕೆಳಗೆ.

ಗೋರೆಮೆ ಬೇರೆ, ಕಪಡೋಕಿಯಾ ಬೇರೆಯಾ?

ಕಪಡೋಕಿಯಾ ಒಂದು ಪ್ರದೇಶದ ಹಳೆಯ ಹೆಸರು. ಗೋರೆಮೆ ಅದರ ನಡುವಿನ ಒಂದು ಸಣ್ಣ ಊರು. ಮಧ್ಯ ಟರ್ಕಿಯ ನೆವ್‌ಶೆಹಿರ್ ಪ್ರಾಂತ್ಯದಲ್ಲಿದೆ, ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗೂ ಎತ್ತರದಲ್ಲಿ. ಅಕ್ಕಪಕ್ಕದ ಉಚ್‌ಹಿಸಾರ್, ಒರ್ತಾಹಿಸಾರ್, ಚಾವುಶಿನ್, ಅವಾನೊಸ್ ಎಲ್ಲವೂ ಕಪಡೋಕಿಯಾದ ಊರುಗಳೇ. ಪ್ರವಾಸಿಗರು ತಂಗುವುದು ಹೆಚ್ಚಾಗಿ ಗೋರೆಮೆಯಲ್ಲಿ. ಗೋರೆಮೆ ರಾಷ್ಟ್ರೀಯ ಉದ್ಯಾನ ಮತ್ತು ಕಪಡೋಕಿಯಾದ ಶಿಲಾ ತಾಣಗಳು 1985ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು.

ಆ ಕಲ್ಲುಗಳು ಟೋಪಿ ಹಾಕಿಕೊಂಡ ಕಂಬಗಳ ಹಾಗೆ ಯಾಕಿವೆ? ಯಾರಾದರೂ ಕೆತ್ತಿದ್ದಾ?

ಹೊರಗಿನ ಆಕಾರ ಯಾರೂ ಕೆತ್ತಿದ್ದಲ್ಲ. ಅದು ಮಳೆ, ಗಾಳಿ, ಹಿಮದ ಕೆಲಸ.

ಲಕ್ಷಾಂತರ ವರ್ಷಗಳ ಹಿಂದೆ ಈ ಭಾಗದ ಜ್ವಾಲಾಮುಖಿಗಳು ಮತ್ತೆ ಮತ್ತೆ ಸಿಡಿದವು. ಅವುಗಳ ಬೂದಿ ಪದರ ಪದರವಾಗಿ ಬಿದ್ದು ಗಟ್ಟಿಯಾಯಿತು. ಹೀಗೆ ಆದ ಕಲ್ಲಿಗೆ 'ಟಫ್' ಅನ್ನುತ್ತಾರೆ. ಹೆಸರು ಟಫ್ ಆದರೂ ಕಲ್ಲು ಮೆತ್ತಗೆ. ಅಲ್ಲಲ್ಲಿ ಅದರ ಮೇಲೆ ಬಸಾಲ್ಟ್‌ನಂಥ ಗಟ್ಟಿ ಕಲ್ಲಿನ ಪದರವೂ ಬಿತ್ತು. ನೀರು ಮೆತ್ತಗಿನ ಭಾಗವನ್ನು ಕೊರೆದುಕೊಂಡು ಹೋಯಿತು. ಗಟ್ಟಿ ಕಲ್ಲಿನ ತುಂಡು ಎಲ್ಲೆಲ್ಲಿ ಮೇಲೆ ಕೂತಿತ್ತೋ ಅಲ್ಲಿ ಅದರ ಅಡಿಯ ಕಂಬ ಉಳಿಯಿತು. ಆ ಟೋಪಿ ಇರುವವರೆಗೆ ಕಂಬಕ್ಕೆ ಆಯುಷ್ಯ ಜಾಸ್ತಿ. ಟೋಪಿ ಜಾರಿ ಬಿತ್ತೋ, ಕಂಬ ಮೊನಚಾಗುತ್ತಾ ಕರಗುತ್ತದೆ. ಊರಿನವರು ಇವನ್ನು ಯಕ್ಷಿಣಿಯರ ಚಿಮಣಿಗಳು ಎಂದು ಕರೆಯುತ್ತಾರೆ.

ಈ ಭಾಗದ ದೊಡ್ಡ ಜ್ವಾಲಾಮುಖಿ ಎರ್ಜಿಯೆಸ್, 3,900 ಮೀಟರ್‌ಗೂ ಎತ್ತರ. ಆಕಾಶ ತಿಳಿಯಾಗಿದ್ದರೆ ಗೋರೆಮೆ ಸುತ್ತಲಿನ ದಿಬ್ಬಗಳ ಮೇಲಿಂದಲೇ ಅದರ ಹಿಮದ ತಲೆ ಕಾಣುತ್ತದೆ.

ಸುಮ್ನೆ ಮನೆ ಕಟ್ಟಿಕೊಳ್ಳಬಹುದಿತ್ತಲ್ಲ? ಬಂಡೆ ಯಾಕೆ ಕೊರೆಯಬೇಕಿತ್ತು?

ಇದು ಬಹಳ ಜನ ಕೇಳುವ ಪ್ರಶ್ನೆ. ಅಲ್ಲಿ ಕಾಡು ಕಡಿಮೆ, ಮರ ದುಬಾರಿ. ತೊಲೆ, ಜಂತಿ, ಹೆಂಚು ಎಲ್ಲಿಂದ ತರುವುದು? ಕೊರೆದರೆ ಇದ್ಯಾವುದೂ ಬೇಡ. ಟಫ್ ಕಲ್ಲು ಒಳಗಡೆ ಮೆತ್ತಗಿರುತ್ತದೆ, ಕೊರೆದು ಗಾಳಿಗೆ ಬಿಟ್ಟ ಮೇಲೆ ಮೇಲ್ಮೈ ಗಟ್ಟಿಯಾಗುತ್ತದೆ. ಒಂದು ಕೈಗುದ್ದಲಿ ಇದ್ದರೆ ಸಾಕು, ಮನೆ ಮಂದಿಯೇ ಸೇರಿ ಕೋಣೆ ಮಾಡಿಕೊಳ್ಳಬಹುದು. ಮಗನಿಗೆ ಮದುವೆಯಾಯಿತಾ, ಪಕ್ಕದ ಗೋಡೆ ಕೊರೆದರೆ ಇನ್ನೊಂದು ಕೋಣೆ.

ಹವಾಮಾನವೂ ಒಂದು ಕಾರಣ. ಅಲ್ಲಿ ಬೇಸಿಗೆಯಲ್ಲಿ ಸುಡು ಬಿಸಿಲು, ಚಳಿಗಾಲದಲ್ಲಿ ಹಿಮ. ಬಂಡೆಯೊಳಗೆ ಬಿಸಿಲೂ ಅಷ್ಟಾಗಿ ತಟ್ಟುವುದಿಲ್ಲ, ಚಳಿಯೂ ತಟ್ಟುವುದಿಲ್ಲ. ಈಗಲೂ ಒರ್ತಾಹಿಸಾರ್ ಸುತ್ತಮುತ್ತಲಿನ ಗುಹೆಗಳು ಕೋಲ್ಡ್ ಸ್ಟೋರೇಜ್ ಆಗಿ ಬಳಕೆಯಲ್ಲಿವೆ. ದಕ್ಷಿಣದ ಕರಾವಳಿಯಿಂದ ಲಾರಿಗಳಲ್ಲಿ ನಿಂಬೆಹಣ್ಣು ಬಂದು ಅಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಕರೆಂಟ್ ಬಿಲ್ ಇಲ್ಲ!

ಕೊರೆದದ್ದು ಅಂತ ಒಳಗೆ ಹೋದಾಗ ಹೇಗೆ ಗೊತ್ತಾಗುತ್ತದೆ?

ಚಾವಣಿ ನೋಡಿ. ಪಕ್ಕದಿಂದ ಟಾರ್ಚ್ ಬಿಟ್ಟರೆ ಗುದ್ದಲಿಯ ಗೀರುಗಳು ಸಾಲುಸಾಲಾಗಿ ಕಾಣುತ್ತವೆ. ಒಂದೊಂದೂ ಬೆರಳಷ್ಟು ಅಗಲದ ಓರೆ ಗೆರೆ. ಕೆಲವು ಕಡೆ ಚಾವಣಿ ಕಪ್ಪಗಿರುತ್ತದೆ, ಅದು ಒಲೆಯ ಹೊಗೆ. ನೆಲದಲ್ಲಿ ಗುಂಡಗಿನ ಗುಳಿ ಇದ್ದರೆ ಅದು ರೊಟ್ಟಿ ಸುಡುವ ತಂದೂರ್.

ಇನ್ನೊಂದು ಗುರುತು ಇನ್ನೂ ಚೆನ್ನಾಗಿದೆ. ಕೆಲವು ಚರ್ಚ್‌ಗಳಲ್ಲಿ ಕಂಬ ಮುರಿದು ಬಿದ್ದಿದೆ, ಅದರ ಮೇಲಿನ ಕಮಾನು ಮಾತ್ರ ಏನೂ ಆಗದೆ ನಿಂತಿದೆ! ಕಟ್ಟಿದ ಕಟ್ಟಡದಲ್ಲಿ ಹೀಗಾಗುವುದು ಕಷ್ಟ. ಇಲ್ಲಿ ಕಂಬ ಭಾರ ಹೊರುವುದಕ್ಕೆ ಇದ್ದದ್ದೇ ಅಲ್ಲ. ಊರಿನಲ್ಲಿ ಕಟ್ಟುವ ಚರ್ಚ್‌ಗೆ ಕಂಬ, ಕಮಾನು, ಗುಮ್ಮಟ ಇರುತ್ತವೆ ಅಂತ ಬಂಡೆಯಲ್ಲೂ ಅದೇ ಆಕಾರ ತೆಗೆದಿದ್ದಾರೆ. ಗೋರೆಮೆ ಪೇಟೆಯ ನಡುವೆಯೇ ಒಂದು ರೋಮನ್ ಕಾಲದ ಸಮಾಧಿ ಇದೆ. ಅದರ ಮುಂಭಾಗದ ಕಂಬಗಳ ಬುಡ ಉದುರಿಹೋಗಿ, ಮೇಲಿನ ತುದಿಗಳು ಮಾತ್ರ ಗಾಳಿಯಲ್ಲಿ ನೇತಾಡುತ್ತಿವೆ. ಬಸ್ ನಿಲ್ದಾಣದ ಹತ್ತಿರವೇ ಇದ್ದರೂ ತಲೆಯೆತ್ತಿ ನೋಡುವವರು ಕಡಿಮೆ.

ಇಲ್ಲಿ ಮೊದಲು ಇದ್ದವರು ಯಾರು?

ಈ ಪ್ರದೇಶ ಹಿಟ್ಟೈಟರು, ಪರ್ಷಿಯನ್ನರು, ಗ್ರೀಕರು ಎಲ್ಲರನ್ನೂ ಕಂಡಿದೆ. ಕ್ರಿ.ಶ. 17ರಲ್ಲಿ ರೋಮ್ ಇದನ್ನು ತನ್ನ ಪ್ರಾಂತ್ಯ ಮಾಡಿಕೊಂಡಿತು. ಆದರೆ ನಾವು ಇವತ್ತು ನೋಡುವ ಗೋರೆಮೆಯ ಮುಖ್ಯ ಕಥೆ ಕ್ರೈಸ್ತರದ್ದು.

4ನೇ ಶತಮಾನದಲ್ಲಿ ಇಲ್ಲಿಗೆ ಹತ್ತಿರದ ಸಿಸೇರಿಯಾದಲ್ಲಿ, ಅಂದರೆ ಈಗಿನ ಕೈಸೇರಿಯಲ್ಲಿ, ಬೇಸಿಲ್ ಎಂಬ ಬಿಷಪ್ ಇದ್ದರು. ಸನ್ಯಾಸಿಗಳು ಒಬ್ಬೊಬ್ಬರೇ ಕಾಡು ಸೇರುವುದಕ್ಕಿಂತ ಒಟ್ಟಿಗೆ ಬಾಳಬೇಕು, ದುಡಿಯಬೇಕು ಅನ್ನುವುದು ಅವರ ನಿಲುವು. ಪೂರ್ವದ ಕ್ರೈಸ್ತ ಮಠಗಳ ಕಟ್ಟುಪಾಡುಗಳಿಗೆ ಅವರೇ ಬುನಾದಿ. ಅವರ ತಮ್ಮ ನಿಸಾದ ಗ್ರೆಗರಿ, ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ ಕೂಡ ದೊಡ್ಡ ಹೆಸರುಗಳು.

ಆಮೇಲೆ 7ನೇ ಶತಮಾನದಿಂದ ಸುಮಾರು ಮುನ್ನೂರು ವರ್ಷ ಇದು ಗಡಿ ನಾಡು. ಬೈಜಾಂಟಿನ್ ಸಾಮ್ರಾಜ್ಯಕ್ಕೂ, ಅಂದರೆ ಪೂರ್ವದ ರೋಮನ್ ಸಾಮ್ರಾಜ್ಯಕ್ಕೂ, ಅರಬ್ ಸೈನ್ಯಗಳಿಗೂ ನಡುವೆ ಸಿಕ್ಕಿಕೊಂಡ ಜಾಗ. ದಾಳಿ ಬಂದಾಗ ಬಚ್ಚಿಟ್ಟುಕೊಳ್ಳಲು ಕಲ್ಲು, ನೆಲ ಎರಡೂ ಬೇಕಾದವು. 10 ಮತ್ತು 11ನೇ ಶತಮಾನಗಳಲ್ಲಿ ಗಡಿ ಪೂರ್ವಕ್ಕೆ ಸರಿದು, ಸ್ವಲ್ಪ ನೆಮ್ಮದಿ ಬಂದಾಗ, ದುಡ್ಡೂ ಬಂತು. ನಾವು ಇವತ್ತು ನೋಡುವ ಒಳ್ಳೆಯ ಚಿತ್ರಗಳೆಲ್ಲ ಹೆಚ್ಚುಕಡಿಮೆ ಆ ಕಾಲದ್ದು. 1071ರ ಮಂಜಿಕರ್ಟ್ ಯುದ್ಧದಲ್ಲಿ ಬೈಜಾಂಟಿನ್ ಸೈನ್ಯ ಸೋತ ನಂತರ ಸೆಲ್ಜುಕ್ ತುರ್ಕರ ಆಳ್ವಿಕೆ ಬಂತು. ಹಾಗಂತ ಕ್ರೈಸ್ತರು ಅವತ್ತೇ ಓಡಿಹೋಗಲಿಲ್ಲ. ಅಲ್ಲಿಂದ ಇನ್ನೂ ಎಂಟುನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು.

ಓಪನ್ ಏರ್ ಮ್ಯೂಸಿಯಂನಲ್ಲಿ ಏನೇನು ನೋಡಬೇಕು? ಎಲ್ಲ ಚರ್ಚ್‌ಗಳೂ ಒಂದೇ ಥರ ಅನಿಸುತ್ತವೆ.

ನಿಜ, ಮೂರ್ನಾಲ್ಕು ನೋಡಿದ ಮೇಲೆ ತಲೆ ಕೆಡುತ್ತದೆ. ಎಲ್ಲವನ್ನೂ ನೋಡಲು ಹೋಗಬೇಡಿ. ಮ್ಯೂಸಿಯಂ ಅಂದರೆ ಬಂಡೆಯಲ್ಲಿ ಕೊರೆದ ಚರ್ಚ್‌ಗಳು ಒಟ್ಟಿಗೆ ಇರುವ ಬಯಲು ಜಾಗ. ಊರಿನಿಂದ ಸುಮಾರು ಒಂದೂವರೆ ಕಿಲೋಮೀಟರ್, ನಡೆದೇ ಹೋಗಬಹುದು. ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಟೂರ್ ಬಸ್‌ಗಳಿಗಿಂತ ಮೊದಲು ಒಳಗಿರಬಹುದು.

ಕರಾನ್‌ಲಿಕ್, ಅಂದರೆ ಕತ್ತಲೆ ಚರ್ಚ್, ಬಿಡಲೇಬೇಡಿ. ಇದಕ್ಕೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ಅಲ್ಲೇ ಬಾಗಿಲಲ್ಲಿ ನಿಂತು ಯೋಚಿಸುವವರು ಬಹಳ, ವಾಪಸ್ ಹೋಗುವವರೂ ಬಹಳ. ಒಳಗೆ ಬೆಳಕು ಬರುವುದು ಒಂದು ಪುಟ್ಟ ಕಿಟಕಿಯಿಂದ ಮಾತ್ರ. ಆ ಕತ್ತಲೆಯೇ 11ನೇ ಶತಮಾನದ ಬಣ್ಣಗಳನ್ನು ಕಾಪಾಡಿದೆ. ಕ್ರಿಸ್ತನ ಹುಟ್ಟು, ಕೊನೆಯ ಭೋಜನ, ಕ್ರಿಸ್ತನನ್ನು ಹಿಡಿದುಕೊಟ್ಟ ಶಿಷ್ಯ ಯೂದ ಅವನಿಗೆ ಕೊಟ್ಟ ಮುತ್ತು, ಶಿಲುಬೆ, ಒಂದರ ಪಕ್ಕ ಒಂದು. ಚರ್ಚ್ ಬಳಕೆ ನಿಂತ ಮೇಲೆ ಇದು ಬಹುಕಾಲ ಪಾರಿವಾಳದ ಗೂಡಾಗಿತ್ತು. ಗೋಡೆಗೆ ಅಂಟಿದ ಹಿಕ್ಕೆಯನ್ನು ಕೆರೆದು ತೆಗೆಯುವುದಕ್ಕೆ ವರ್ಷಗಳೇ ಹಿಡಿದವು.

ಎರಡನೆಯದು ತೊಕಾಲಿ. ಇದು ಗೇಟಿನ ಹೊರಗೆ, ರಸ್ತೆ ಬದಿಯಲ್ಲಿದೆ. ಒಳಗಿನ ಟಿಕೆಟ್ಟೇ ಸಾಕು, ಆದರೆ ಸುಸ್ತಾಗಿ ಹೊರಬಂದವರು ಇದನ್ನು ಮರೆತು ಹೋಗುತ್ತಾರೆ. ಇಲ್ಲಿನ ಚರ್ಚ್‌ಗಳಲ್ಲೇ ದೊಡ್ಡದು ಇದು. 10ನೇ ಶತಮಾನದ ಮೊದಲಲ್ಲಿ ಒಂದು ಚರ್ಚ್ ಕೊರೆದರು, ಕೆಲವು ದಶಕಗಳ ನಂತರ ಅದರ ಹಿಂದಿನ ಗೋಡೆ ಒಡೆದು ಇನ್ನೂ ದೊಡ್ಡದೊಂದನ್ನು ಕೊರೆದರು. ಹಳೆಯದು ಹೊಸದಕ್ಕೆ ಪಡಸಾಲೆ ಆಯಿತು. ಹಳೆಯ ಭಾಗದಲ್ಲಿ ಕ್ರಿಸ್ತನ ಕಥೆ ಪಟ್ಟಿ ಪಟ್ಟಿಯಾಗಿ ಸಾಗುತ್ತದೆ. ಹೊಸ ಭಾಗಕ್ಕೆ ಕಾಲಿಟ್ಟರೆ ಎಲ್ಲೆಲ್ಲೂ ನೀಲಿ. ಲಾಜವರ್ದ ಕಲ್ಲು ಅರೆದು ಮಾಡಿದ ಬಣ್ಣ ಅದು. ಆ ಕಲ್ಲು ಆಗ ಬರುತ್ತಿದ್ದದ್ದು ಅಫ್ಘಾನಿಸ್ತಾನದ ಗಣಿಗಳಿಂದ. ಅಷ್ಟು ದೂರದಿಂದ ತಂದ ಬಣ್ಣವನ್ನು ಗೋಡೆ ತುಂಬ ಬಳಿದಿದ್ದಾರೆ ಅಂದರೆ ಅದರ ಹಿಂದೆ ದೊಡ್ಡ ಕುಳ ಯಾರೋ ಇದ್ದರು ಅಂತಲೇ ಅರ್ಥ.

ಸಮಯ ಇದ್ದರೆ ಯಿಲಾನ್‌ಲಿ, ಅಂದರೆ ಹಾವಿನ ಚರ್ಚ್. ಕುದುರೆ ಮೇಲೆ ಕೂತ ಸಂತ ಜಾರ್ಜ್ ಮತ್ತು ಸಂತ ಥಿಯೋಡೋರ್ ಹಾವನ್ನು ಕೊಲ್ಲುವ ಚಿತ್ರ ಅಲ್ಲಿದೆ. ಎದುರಿಗೆ ಸಂತ ಒನುಫ್ರಿಯಸ್, ಉದ್ದ ಗಡ್ಡ, ಬಟ್ಟೆ ಇಲ್ಲ, ಮುಂದೊಂದು ಗಿಡ ಮರೆಯಾಗಿ. ಇದರ ಬಗ್ಗೆ ಗೈಡ್‌ಗಳು ತರಹೇವಾರಿ ಕಥೆ ಹೇಳುತ್ತಾರೆ, ಕೇಳಿ ನಗಬಹುದು. ಸನ್ಯಾಸಿಗಳ ಊಟದ ಮನೆಯನ್ನೂ ಇಣುಕಿ ನೋಡಿ: ಉದ್ದನೆ ಮೇಜು, ಎರಡೂ ಬದಿಯ ಬೆಂಚು, ಎಲ್ಲ ಒಂದೇ ಬಂಡೆಯಲ್ಲಿ ಬಿಟ್ಟದ್ದು. ಚರ್ಚ್‌ಗಳ ಒಳಗೆ ಫೋಟೊ ತೆಗೆಯುವ ಹಾಗಿಲ್ಲ.

ಕೆಲವು ಚರ್ಚ್‌ಗಳಲ್ಲಿ ಬರೀ ಕೆಂಪು ಗೆರೆ, ಶಿಲುಬೆ ಮಾತ್ರ ಇವೆ. ಯಾಕೆ?

ಬೈಜಾಂಟಿನ್ ಸಾಮ್ರಾಜ್ಯದಲ್ಲಿ 8 ಮತ್ತು 9ನೇ ಶತಮಾನಗಳಲ್ಲಿ ದೇವರ, ಸಂತರ ಚಿತ್ರ ಬೇಕೇ ಬೇಡವೇ ಅನ್ನುವ ದೊಡ್ಡ ಜಗಳ ನಡೆಯಿತು. ಅದು ಮುಗಿದದ್ದು 843ರಲ್ಲಿ, ಚಿತ್ರ ಬೇಕು ಅನ್ನುವವರು ಗೆದ್ದರು. ಅದಕ್ಕೇ ಕೆಂಪು ಗೆರೆ ಕಂಡ ಕೂಡಲೇ ಗೈಡ್‌ಗಳು "ಇದು ಆ ಕಾಲದ್ದು" ಅಂದುಬಿಡುತ್ತಾರೆ. ಎಲ್ಲ ಕಡೆ ಅದು ಸರಿಯಲ್ಲ. ಮ್ಯೂಸಿಯಂನೊಳಗಿನ ಸಂತ ಬಾರ್ಬರಾ ಗುಡಿಯ ಕೆಂಪು ಚಿತ್ತಾರ 11ನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಕೊರೆದು ಮುಗಿದ ಕೂಡಲೇ ಬರೀ ಕಲ್ಲಿನ ಮೇಲೆ ಕೆಂಪು ಮಣ್ಣಿನಿಂದ ಅಲಂಕಾರ ಬರೆಯುವುದು ಇಲ್ಲಿ ರೂಢಿ. ದುಡ್ಡು ಒದಗಿದರೆ ಅದರ ಮೇಲೆ ಗಾರೆ ಮೆತ್ತಿ ದೊಡ್ಡ ಚಿತ್ರ. ಎಲ್ಮಾಲಿ ಚರ್ಚ್‌ನಲ್ಲಿ ಗಾರೆ ಉದುರಿದ ಕಡೆ ಅಡಿಯ ಕೆಂಪು ಗೆರೆಗಳು ಹೊರಗೆ ಕಾಣುತ್ತವೆ, ಹುಡುಕಿ ನೋಡಿ.

ಚಿತ್ರಗಳಲ್ಲಿ ಕಣ್ಣುಗಳನ್ನೇ ಕೆರೆದಿದ್ದಾರಲ್ಲ, ಯಾರು ಮಾಡಿದ್ದು?

ಒಬ್ಬರಲ್ಲ, ಒಂದು ಕಾಲದಲ್ಲೂ ಅಲ್ಲ. ಮನುಷ್ಯರ ಚಿತ್ರ ಒಪ್ಪದವರು ಕೆರೆದದ್ದಿದೆ. ಚಿತ್ರದ ಕಣ್ಣು ತಮ್ಮನ್ನೇ ನೋಡುತ್ತದೆ ಅಂತ ಹೆದರಿ ಕೆರೆದದ್ದಿದೆ. ದನ ಮೇಯಿಸುವ ಹುಡುಗರು ಕಲ್ಲು ಹೊಡೆದು ಆಡಿದ್ದಿದೆ. ಗ್ರೀಕ್ ಅಕ್ಷರದಲ್ಲಿ ಹೆಸರು, ಇಸವಿ ಗೀಚಿಟ್ಟು ಹೋದ ಭಕ್ತರೂ ಇದ್ದಾರೆ. ಪ್ರವಾಸಿಗರೇನು ಕಡಿಮೆಯಿಲ್ಲ. ಕೈಗೆಟುಕುವ ಎತ್ತರದವರೆಗೆ ಹಾಳಾಗಿದೆ, ಮೇಲಿನದು ಉಳಿದಿದೆ. ಹಾಗಾಗಿ ಯಾವ ಚರ್ಚ್‌ಗೆ ಹೋದರೂ ಮೊದಲು ಚಾವಣಿ ನೋಡಿ.

ನೆಲದಡಿಯ ಊರುಗಳು ನಿಜವಾ? ಇಪ್ಪತ್ತು ಸಾವಿರ ಜನ ಇದ್ದರಂತೆ?

ಊರುಗಳು ನಿಜ. ಇಪ್ಪತ್ತು ಸಾವಿರ ಅನ್ನುವುದು ಡೆರಿಂಕುಯು ಎಂಬ ನೆಲದಡಿಯ ಊರಿನ ಬಗ್ಗೆ ಎಲ್ಲರೂ ಹೇಳುವ ಅಂದಾಜು ಅಷ್ಟೆ, ಯಾರೂ ತಲೆ ಎಣಿಸಿಲ್ಲ.

ನೆವ್‌ಶೆಹಿರ್‌ನಿಂದ ದಕ್ಷಿಣಕ್ಕೆ ಹೋದರೆ ಮೊದಲು ಕಾಯ್ಮಕ್ಲಿ, ಆಮೇಲೆ ಡೆರಿಂಕುಯು. ಡೆರಿಂಕುಯು ಸುಮಾರು 85 ಮೀಟರ್ ಆಳ. 1963ರಲ್ಲಿ ಒಬ್ಬರು ಮನೆ ರಿಪೇರಿ ಮಾಡಿಸುವಾಗ ಗೋಡೆಯ ಹಿಂದೆ ದಾರಿ ಸಿಕ್ಕಿ ಇದು ಹೊರ ಜಗತ್ತಿಗೆ ಗೊತ್ತಾಯಿತು. ಪ್ರವಾಸಿಗರನ್ನು ಒಂದು ಭಾಗಕ್ಕೆ ಮಾತ್ರ ಬಿಡುತ್ತಾರೆ. ಮೇಲಿನ ಅಂತಸ್ತಿನಲ್ಲಿ ಕೊಟ್ಟಿಗೆ, ಕೆಳಗೆ ಅಡುಗೆ ಮನೆ, ಉಗ್ರಾಣ, ವೈನ್ ಮಾಡುವ ತೊಟ್ಟಿ, ಇನ್ನೂ ಕೆಳಗೆ ಶಿಲುಬೆ ಆಕಾರದ ಚರ್ಚ್. ಉದ್ದಕ್ಕೂ ಇಳಿದ ಗಾಳಿಯ ಬಾವಿಗಳಿಂದ ಕೆಳಗೂ ಉಸಿರಾಟಕ್ಕೆ ತೊಂದರೆ ಇಲ್ಲ.

ಅಲ್ಲಿ ನಿಂತು ನೋಡಬೇಕಾದದ್ದು ಬಾಗಿಲು. ಬೀಸುವ ಕಲ್ಲಿನಂಥ ದೊಡ್ಡ ದುಂಡು ಕಲ್ಲು, ದಾರಿಯ ಪಕ್ಕದ ಸಂದಿಯಲ್ಲಿ ನಿಂತಿರುತ್ತದೆ. ಒಳಗಿನವರು ಉರುಳಿಸಿದರೆ ದಾರಿ ಬಂದ್. ಹೊರಗಿನವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕೆಲವು ಕಲ್ಲುಗಳ ನಡುವೆ ತೂತು ಇದೆ, ಅಲ್ಲಿಂದ ಹೊರಗೆ ನೋಡಬಹುದು, ಈಟಿ ತೂರಿಸಬಹುದು. ದಾರಿಯೂ ಅಷ್ಟೇ ಕಿರಿದು. ಒಬ್ಬರ ಹಿಂದೆ ಒಬ್ಬರು ಬಗ್ಗಿಕೊಂಡೇ ಬರಬೇಕು.

ಜನ ವರ್ಷವಿಡೀ ಇಲ್ಲಿ ಬದುಕಿದರು ಅಂತ ಅಂದುಕೊಳ್ಳಬೇಡಿ. ಅಪಾಯ ಬಂದಾಗ ಇಳಿಯುವುದು, ಹೋದ ಮೇಲೆ ಹತ್ತುವುದು. ಈ ಅಭ್ಯಾಸ ಮೊನ್ನೆ ಮೊನ್ನೆವರೆಗೂ ಇತ್ತು. 1909ರಲ್ಲಿ ದಕ್ಷಿಣದ ಅದಾನಾದಲ್ಲಿ ಆರ್ಮೇನಿಯನ್ ಕ್ರೈಸ್ತರ ಹತ್ಯಾಕಾಂಡ ನಡೆದ ಸುದ್ದಿ ಬಂದಾಗ ಆಕ್ಸೊ ಎಂಬ ಹಳ್ಳಿಯ ಗ್ರೀಕರು ನೆಲದಡಿಗೆ ಇಳಿದು ಕೆಲವು ರಾತ್ರಿ ಅಲ್ಲೇ ಮಲಗಿದರು ಎಂದು, ಆ ಕಾಲದಲ್ಲಿ ಅಲ್ಲಿ ಓಡಾಡಿದ ಇಂಗ್ಲೆಂಡಿನ ಭಾಷಾ ವಿದ್ವಾಂಸ ಡಾಕಿನ್ಸ್ ಬರೆದಿಟ್ಟಿದ್ದಾರೆ.

ಹಾಗಾದರೆ ಆ ಕ್ರೈಸ್ತರೆಲ್ಲ ಎಲ್ಲಿಗೆ ಹೋದರು?

ಗ್ರೀಸ್‌ಗೆ. 1923ರ ಜನವರಿಯಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲು ಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಟರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಅಲ್ಲಿಗೆ, ಗ್ರೀಸ್‌ನ ಮುಸ್ಲಿಮರು ಇಲ್ಲಿಗೆ. ನಿಮಗೆ ಇಷ್ಟವಿದೆಯಾ ಅಂತ ಯಾರೂ ಕೇಳಲಿಲ್ಲ. ಲೆಕ್ಕಕ್ಕೆ ತೆಗೆದುಕೊಂಡದ್ದು ಧರ್ಮ, ಭಾಷೆ ಅಲ್ಲ. ಕಪಡೋಕಿಯಾದ ಎಷ್ಟೋ ಕ್ರೈಸ್ತರ ಮನೆಮಾತು ತುರ್ಕಿಯೇ ಆಗಿತ್ತು. ಅದನ್ನು ಗ್ರೀಕ್ ಅಕ್ಷರದಲ್ಲಿ ಬರೆಯುತ್ತಿದ್ದರು. ಅವರು ಗಂಟುಮೂಟೆ ಕಟ್ಟಿಕೊಂಡು ತಮಗೆ ಗೊತ್ತೇ ಇಲ್ಲದ ಭಾಷೆಯ ದೇಶಕ್ಕೆ ಹೋಗಿ ಇಳಿದರು. ಈಗ ಮುಸ್ತಫಾಪಾಶಾ ಅನ್ನುವ, ಹಿಂದೆ ಸಿನಾಸೊಸ್ ಆಗಿದ್ದ ಊರಿಗೆ ಹೋದರೆ ಅವರು ಬಿಟ್ಟುಹೋದ ಕೆತ್ತನೆಯ ಮನೆಗಳು ಸಾಲಾಗಿ ನಿಂತಿವೆ. ನನ್ನ ಪ್ರಕಾರ ಗೋರೆಮೆ ಅರ್ಥವಾಗಬೇಕಾದರೆ ಆ ಊರಿಗೂ ಅರ್ಧ ದಿನ ಕೊಡಬೇಕು.

ಈಗಲೂ ಜನ ಗುಹೆಗಳಲ್ಲಿ ವಾಸ ಮಾಡುತ್ತಾರಾ?

ಕೆಲವರು ಮಾಡುತ್ತಾರೆ. ಮುಂದೆ ಕಲ್ಲಿನ ಮನೆ ಕಟ್ಟಿ ಹಿಂದೆ ಗುಹೆಯನ್ನು ಉಗ್ರಾಣವೋ ಕೊಟ್ಟಿಗೆಯೋ ಮಾಡಿಕೊಂಡವರು ಜಾಸ್ತಿ. ಆದರೆ ಇವತ್ತು ಗುಹೆಯಲ್ಲಿ ಮಲಗುವವರು ಹೆಚ್ಚಾಗಿ ನಮ್ಮಂಥ ಪ್ರವಾಸಿಗರು, ಹೋಟೆಲ್‌ಗಳಲ್ಲಿ.

ಮೆತ್ತಗಿನ ಕಲ್ಲಿನ ಇನ್ನೊಂದು ಮುಖ ಇದೆ. ಕೊರೆಯಲು ಸುಲಭ ಅಂದಮೇಲೆ ಕುಸಿಯಲೂ ಸುಲಭ. ಜೆಲ್ವೆ ಎಂಬ ಹಳ್ಳಿಯಲ್ಲಿ ಬಂಡೆಗಳು ಬೀಳುವುದು ಹೆಚ್ಚಾಗಿ 1952ರಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದರು. ಈಗ ಅದು ಮ್ಯೂಸಿಯಂ. ಬಂಡೆಯಲ್ಲೇ ಕೊರೆದ ಮಸೀದಿ, ಚರ್ಚ್‌ಗಳು, ಮನೆಗಳು ಎಲ್ಲ ಒಂದೇ ಕಣಿವೆಯಲ್ಲಿವೆ. ಗೋರೆಮೆಯ ಮ್ಯೂಸಿಯಂಗಿಂತ ಇಲ್ಲಿ ಜನ ಕಡಿಮೆ. ಚಿತ್ರ ಬೇಕಾದವರು ಅಲ್ಲಿಗೆ ಹೋಗಿ, ಬದುಕು ಹೇಗಿತ್ತು ಅಂತ ನೋಡಬೇಕಾದವರು ಇಲ್ಲಿಗೆ ಬನ್ನಿ.

ಬಂಡೆಗಳ ಮೇಲೆಲ್ಲ ಸಾಲು ಸಾಲು ತೂತುಗಳಿವೆಯಲ್ಲ, ಅವು ಕಿಟಕಿಗಳಾ?

ಪಾರಿವಾಳದ ಗೂಡುಗಳು. ಸಾಕಿದ್ದು ಮುಖ್ಯವಾಗಿ ಗೊಬ್ಬರಕ್ಕೆ. ಟಫ್ ಮಣ್ಣಿನಲ್ಲಿ ಸತ್ವ ಕಡಿಮೆ, ದ್ರಾಕ್ಷಿ ತೋಟಕ್ಕೆ ಪಾರಿವಾಳದ ಹಿಕ್ಕೆಯೇ ಬಂಗಾರ. ಒಳಗೆ ಒಂದು ಕೋಣೆ, ಗೋಡೆ ತುಂಬ ಗೂಡು, ಹೊರಗೆ ಹಕ್ಕಿ ನುಗ್ಗುವಷ್ಟೇ ತೂತು. ತೂತಿನ ಸುತ್ತ ಸುಣ್ಣ ಬಳಿದು ಕೆಂಪು ಬಣ್ಣದಲ್ಲಿ ಹೂವು, ಚಕ್ರ ಬರೆದಿರುತ್ತಾರೆ. ವರ್ಷಕ್ಕೊಮ್ಮೆ ಬಾಗಿಲು ತೆಗೆದು ಗೊಬ್ಬರ ಬಾಚಿಕೊಳ್ಳುವುದು.

ನಡೆಯಲು ಯಾವ ಕಣಿವೆ ಒಳ್ಳೆಯದು?

ಸುಲಭದ್ದು ಬೇಕಾದರೆ ಉಚ್‌ಹಿಸಾರ್‌ನಿಂದ ಪಾರಿವಾಳ ಕಣಿವೆಯಲ್ಲಿ ಗೋರೆಮೆಗೆ ಇಳಿಯಿರಿ, ಸುಮಾರು ನಾಲ್ಕು ಕಿಲೋಮೀಟರ್. ಉಚ್‌ಹಿಸಾರ್‌ನಲ್ಲಿ ಮೊದಲು ಕೋಟೆ ಹತ್ತಿ. ಕೋಟೆ ಅಂದರೆ ಕಟ್ಟಿದ್ದಲ್ಲ, ತೂತು ತೂತಾದ ಒಂದು ದೊಡ್ಡ ಬಂಡೆ. ಮೇಲಿಂದ ಸುತ್ತಲ ಪ್ರದೇಶವೆಲ್ಲ ಕಾಣುತ್ತದೆ. ಕೆಂಪು ಕಣಿವೆ, ಗುಲಾಬಿ ಕಣಿವೆ ಸಂಜೆಗೆ ಚೆಂದ, ಆದರೆ ದಾರಿ ತಪ್ಪುವುದು ಸುಲಭ. ಕತ್ತಲಾಗುವ ಮೊದಲು ಹೊರಗೆ ಬನ್ನಿ. ಪಶಾಬಾ ಎಂಬ ಜಾಗದ ಮೂರು ತಲೆಯ ಕಂಬಗಳನ್ನು ನೋಡಲು ನಡೆಯಬೇಕಾಗಿಯೇ ಇಲ್ಲ, ರಸ್ತೆ ಪಕ್ಕದಲ್ಲೇ ಇವೆ.

ಬಲೂನು ಹತ್ತಲೇಬೇಕಾ?

ದುಡ್ಡಿದ್ದರೆ ಹತ್ತಿ, ಚೆನ್ನಾಗಿರುತ್ತದೆ. ಇಲ್ಲದಿದ್ದರೆ ಬೇಜಾರು ಬೇಡ. ಬೆಳಗಿನ ಜಾವ ಊರಿನ ಪಕ್ಕದ ದಿಬ್ಬ ಹತ್ತಿದರೆ ನೂರಕ್ಕೂ ಹೆಚ್ಚು ಬಲೂನುಗಳು ಒಟ್ಟಿಗೆ ಏಳುವುದು ಪುಕ್ಕಟೆ ಕಾಣುತ್ತದೆ. ಹತ್ತುವುದಾದರೆ ಮೊದಲ ದಿನ ಬೆಳಿಗ್ಗೆಗೇ ಬುಕ್ ಮಾಡಿ. ಗಾಳಿ ಜೋರಿದ್ದರೆ ಹಾರಾಟ ರದ್ದಾಗುತ್ತದೆ, ಆಗ ಮರುದಿನಕ್ಕೆ ಹಾಕಿಸಿಕೊಳ್ಳಲು ಅವಕಾಶ ಇರುತ್ತದೆ.

ಆ ಕಲ್ಲಿನ ಧೂಳಿನಿಂದ ಕ್ಯಾನ್ಸರ್ ಬರುತ್ತದೆ ಅಂತ ಓದಿದೆ. ನಿಜವಾ?

ಪೂರ್ತಿ ಸುಳ್ಳಲ್ಲ. ಕಪಡೋಕಿಯಾದ ಕರಾಯಿನ್, ತುಜ್‌ಕೊಯ್, ಸರಿಹಿದಿರ್ ಎಂಬ ಹಳ್ಳಿಗಳ ಕಲ್ಲಿನಲ್ಲಿ ಎರಿಯೊನೈಟ್ ಅನ್ನುವ ನಾರಿನಂಥ ಖನಿಜ ಇದೆ. ಹುಟ್ಟಿನಿಂದ ಅದೇ ಧೂಳು ಉಸಿರಾಡಿದ ಎಷ್ಟೋ ಜನ ಶ್ವಾಸಕೋಶದ ಪೊರೆಯ ಕ್ಯಾನ್ಸರ್‌ನಿಂದ ಸತ್ತರು. 1970ರ ದಶಕದಲ್ಲಿ ಟರ್ಕಿಯ ವೈದ್ಯ ಇಜ್ಜೆತ್ತಿನ್ ಬರಿಶ್ ಇದನ್ನು ಬೆಳಕಿಗೆ ತಂದರು. ಇದು ಆ ಕೆಲವೇ ಹಳ್ಳಿಗಳ ದುರಂತ. ಎರಡು ಮೂರು ದಿನಕ್ಕೆ ಗೋರೆಮೆಗೆ ಹೋಗುವವರು ಇದಕ್ಕೆ ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಬೇಕಾಗಿಲ್ಲ.

ಯಾವಾಗ ಹೋಗುವುದು, ಹೇಗೆ?

ಏಪ್ರಿಲ್‌ನಿಂದ ಜೂನ್ ಮೊದಲವರೆಗೆ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಇಸ್ತಾಂಬುಲ್‌ನಿಂದ ಕೈಸೇರಿಗೋ ನೆವ್‌ಶೆಹಿರ್‌ಗೋ ವಿಮಾನ ಇದೆ, ಅಲ್ಲಿಂದ ವ್ಯಾನ್. ರಾತ್ರಿ ಬಸ್ಸೂ ಇದೆ, ಹತ್ತು ಗಂಟೆ ದಾಟುತ್ತದೆ. ಭಾರತೀಯರಿಗೆ ವೀಸಾ ಬೇಕು, ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್‌ಗೂ ಮೊದಲು ನೋಡಿಕೊಳ್ಳಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ. ಬೇಳೆ ಸೂಪ್ ಎಲ್ಲ ಕಡೆ ಇದೆ, ಹೆಸರು ಮೆರ್ಜಿಮೆಕ್. ಮಾಂಸದ ಎಸರು ಹಾಕಿದ್ದಾರಾ ಅಂತ ಮಾತ್ರ ಕೇಳಿ. 'ಎತ್‌ಸಿಜ್' ಅಂದರೆ ಮಾಂಸ ಇಲ್ಲದ್ದು. ಗೊಜ್ಲೆಮೆ ಅನ್ನುವ ತೆಳು ರೊಟ್ಟಿಯೊಳಗೆ ಚೀಸ್, ಸೊಪ್ಪು, ಆಲೂಗಡ್ಡೆ ಹಾಕಿ ಕಾವಲಿ ಮೇಲೆ ಬೇಯಿಸುತ್ತಾರೆ. ಜೊತೆಗೆ ಅಯ್ರಾನ್, ಉಪ್ಪು ಹಾಕಿದ ಮಜ್ಜಿಗೆ. ಇಲ್ಲಿನ ಹೆಸರುವಾಸಿ ತಿನಿಸು ತೆಸ್ತಿ ಕಬಾಬ್, ಅವಾನೊಸ್‌ನ ಕೆಂಪು ಮಣ್ಣಿನ ಗಡಿಗೆಯಲ್ಲಿ ಬೇಯಿಸಿ ನಿಮ್ಮ ಮುಂದೆಯೇ ಗಡಿಗೆ ಒಡೆದು ಬಡಿಸುತ್ತಾರೆ. ಕೆಲವು ಹೋಟೆಲ್‌ಗಳಲ್ಲಿ ಇದನ್ನು ಬರೀ ತರಕಾರಿ ಹಾಕಿಯೂ ಮಾಡಿಕೊಡುತ್ತಾರೆ, ಮೊದಲೇ ಹೇಳಬೇಕು. ಬೆಳಗಿನ ತಿಂಡಿಯಲ್ಲಿ ದ್ರಾಕ್ಷಿ ರಸ ಕುದಿಸಿ ಮಾಡಿದ ಪೆಕ್‌ಮೆಜ್ ಇಡುತ್ತಾರೆ, ನಮ್ಮ ಜೋನಿಬೆಲ್ಲದ ಹಾಗೇ ಇರುತ್ತದೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಗೋರೆಮೆ ಮ್ಯೂಸಿಯಂಗೆ ಹೋಗಬಹುದು, ಏರು ದಾರಿ ಮತ್ತು ಮೆಟ್ಟಿಲು ಇವೆ, ನಿಧಾನಕ್ಕೆ ಹತ್ತಿದರೆ ಆಯಿತು. ಮಂಡಿ ನೋವು, ಬೆನ್ನು ನೋವು, ಉಬ್ಬಸ ಇರುವವರನ್ನು ಡೆರಿಂಕುಯುಗೆ ಇಳಿಸಬೇಡಿ. ಸುಮಾರು ದೂರ ಬಗ್ಗಿಕೊಂಡೇ ನಡೆಯಬೇಕು, ಎದುರಿಗೆ ಗುಂಪು ಬಂದರೆ ನಿಲ್ಲಲೂ ಜಾಗ ಇರುವುದಿಲ್ಲ. ಅವರಿಗೆ ಮುಸ್ತಫಾಪಾಶಾ, ಅವಾನೊಸ್ ಒಳ್ಳೆಯದು. ಅವಾನೊಸ್‌ನಲ್ಲಿ ನದಿ ದಂಡೆಯಲ್ಲಿ ಕೂರಬಹುದು, ಕುಂಬಾರರು ಕಾಲಿನಿಂದ ತಿಗರಿ ತಿರುಗಿಸುವುದನ್ನು ನೋಡಬಹುದು. ಹೋಟೆಲ್ ಬುಕ್ ಮಾಡುವಾಗ ಕೋಣೆಗೆ ಎಷ್ಟು ಮೆಟ್ಟಿಲು ಅಂತ ಕೇಳಿಕೊಳ್ಳಿ. ಗುಹೆ ಹೋಟೆಲ್‌ಗಳು ಇಳಿಜಾರಿನಲ್ಲಿವೆ, ಲಿಫ್ಟ್ ಇರುವುದಿಲ್ಲ.